ಫೀಲ್ಡ್ ಟೆಸ್ಟಿಗೆ ನಿದ್ದೆಗೆಟ್ಟು ಬರಬೇಡಿ

ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಯ ಅನುಮಾನ ಇದ್ದವರಿಗೆ ನಾವು ಫೀಲ್ಡ್ ಟೆಸ್ಟ್ ಮಾಡುತ್ತೇವೆ, ಸುತ್ತಮುತ್ತ ಎಷ್ಟು ಕಾಣುತ್ತದೆ ಅಂತ ನೋಡುವ ಪರೀಕ್ಷೆ ಇದು. ಒಂದು ಕಣ್ಣು ಮುಚ್ಚಿ, ಬೋಗುಣಿಯಂಥ ಬಿಳಿ ಪರದೆಯ ನಡುವಿನ ಬೆಳಕನ್ನೇ ನೋಡುತ್ತಾ ಕೂರಬೇಕು, ಆಚೀಚೆ ಎಲ್ಲಾದರೂ ಮಸುಕು ಚುಕ್ಕೆ ಮಿನುಗಿದರೆ ಬಟನ್ ಒತ್ತಬೇಕು. ಅಷ್ಟೇ. ಆದರೆ ರಾತ್ರಿಯಿಡೀ ಬೋಟಿನಲ್ಲಿದ್ದು ಬೆಳಿಗ್ಗೆ ಬೈತಖೋಲ ಬಂದರಿನಿಂದ ಸೀದಾ ಕಾರವಾರದ ಕ್ಲಿನಿಕ್ಕಿಗೆ ಬಂದವರ ರಿಪೋರ್ಟು ನೋಡಿದರೆ ಕೆಲವೊಮ್ಮೆ ಎದೆ ಧಸಕ್ಕೆನ್ನುತ್ತದೆ, ಅಷ್ಟು ಕಪ್ಪು. ರಿಪೋರ್ಟಿನಲ್ಲಿ ಕಪ್ಪು ಅಂದರೆ ಅಲ್ಲಿ ಚುಕ್ಕೆ ಸರಿಯಾಗಿ ಕಂಡಿಲ್ಲ ಅಂತ. ಯಂತ್ರ ಮೊದಲು ನಾಲ್ಕು ಭಾಗಗಳಲ್ಲಿ ಒಂದೊಂದು ಜಾಗ ಪರೀಕ್ಷಿಸಿ ಶುರು ಮಾಡುತ್ತದೆ. ಅವು ನಾಲ್ಕೂ ಬೆಳ್ಳಗಿದ್ದು ಸುತ್ತಲೂ ಕಪ್ಪಾಗಿದ್ದರೆ ನಾನು ಮೊದಲು ಕಣ್ಣನ್ನಲ್ಲ, ನಿದ್ದೆಯನ್ನು ವಿಚಾರಿಸುತ್ತೇನೆ. ಶುರುವಿನಲ್ಲಿದ್ದ ಗಮನ ಆಮೇಲೆ ಕೈಕೊಟ್ಟಿರುತ್ತದೆ.

'ಬಟನ್ ಒತ್ತೋಕೆ ಮರೆತೆ, ಅಷ್ಟೇ ಅಲ್ವಾ?' ಅಂತ ಕೇಳುತ್ತಾರೆ. ಅದೂ ಇದೆ, ಆದರೆ ಅಷ್ಟೇ ಅಲ್ಲ. ಕಣ್ಣಿನಿಂದ ಹೊರಟ ಸುದ್ದಿ ಮಿದುಳಿನ ನಡುಭಾಗದ ಥಲಾಮಸ್‌ನಲ್ಲಿರುವ ಒಂದು ಸಣ್ಣ ನರಕೋಶಗಳ ಗುಂಪನ್ನು ದಾಟಿ ತಲೆಯ ಹಿಂಭಾಗಕ್ಕೆ ಹೋಗುತ್ತದೆ. ಆ ಗುಂಪಿಗೆ ಬರುವ ಸಂಪರ್ಕಗಳಲ್ಲಿ ಕಣ್ಣಿನ ಪಾಲು ಸುಮಾರು ಹತ್ತರಲ್ಲಿ ಒಂದು, ಅದಕ್ಕಿಂತ ಕಡಿಮೆಯೇ ಇರಬಹುದು. ಉಳಿದವು ಜಾಸ್ತಿ ಮಿದುಳಿನ ಬೇರೆ ಕಡೆಗಳಿಂದಲೇ ಬರುತ್ತವೆ. 2002ರಲ್ಲಿ ಪ್ರಕಟವಾದ ಮಿದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಜನ ಯಾವ ಕಡೆ ಗಮನ ಕೊಟ್ಟರೋ ಆ ಕಡೆಯ ಚಿತ್ರಕ್ಕೆ ಅಲ್ಲೇ, ಅಷ್ಟು ಮೊದಲೇ, ಸ್ಪಂದನೆ ಜಾಸ್ತಿಯಾಗಿತ್ತು, ಗಮನ ಕೊಡದ ಕಡೆ ತಗ್ಗಿತ್ತು. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ಏನು ಕಾಣಬಹುದು ಅನ್ನುವ ನಿರೀಕ್ಷೆಯೂ ಸೇರಿಕೊಳ್ಳುತ್ತದೆ. 2013ರ ಒಂದು ಅಧ್ಯಯನದಲ್ಲಿ ಸ್ಕ್ಯಾನ್ ಓದುವ ವೈದ್ಯರಾದ 24 ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸ್ಕ್ಯಾನ್‌ನಲ್ಲಿ ಸಣ್ಣ ಗಂಟುಗಳನ್ನು ಹುಡುಕಲು ಹೇಳಿ, ಅದರಲ್ಲೇ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನ ಅದನ್ನು ಗುರುತಿಸಲಿಲ್ಲ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಣ್ಣು ನೇರ ಅದರ ಮೇಲೇ ಹೋಗಿತ್ತು. ನಿರೀಕ್ಷೆ ನೋಟವನ್ನೇ ಬದಲಿಸುತ್ತದೋ ಅಥವಾ ನೋಡಿದ ಮೇಲಿನ ತೀರ್ಮಾನವನ್ನೋ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಅದೇನೇ ಇರಲಿ, ಹೆದ್ದಾರಿಯಲ್ಲಿ ಲಾರಿಗಳನ್ನೇ ನೋಡುತ್ತಾ ಗಾಡಿ ತಿರುಗಿಸಿದವರು 'ಬೈಕ್ ಕಾಣಲೇ ಇಲ್ಲ ಡಾಕ್ಟ್ರೇ' ಅಂದರೆ ಸುಳ್ಳು ಅಂತ ನಾನು ತಳ್ಳಿಹಾಕುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೊದಲ ಫೀಲ್ಡ್ ಟೆಸ್ಟ್ ಕೆಟ್ಟದಾಗಿ ಬಂದಿದ್ದರೆ ಕಂಗಾಲಾಗಬೇಡಿ, ಮತ್ತೊಮ್ಮೆ ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ. ಹಾಗಂತ ಸುಮ್ನೆ ಬಿಡಲೂಬೇಡಿ, ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ನಡುವೆ ಸುಸ್ತಾದರೆ ಸಿಬ್ಬಂದಿಗೆ ಹೇಳಿ. ಹೆಚ್ಚಿನ ಯಂತ್ರಗಳಲ್ಲಿ ಬಟನ್ ಒತ್ತಿ ಹಿಡಿದರೆ ಟೆಸ್ಟ್ ನಿಲ್ಲುತ್ತದೆ, ಬಿಟ್ಟಾಗ ಮತ್ತೆ ಶುರುವಾಗುತ್ತದೆ.