ಜನರಲ್ ತಿಮ್ಮಯ್ಯ: ಅರಾಕಾನಿನ ಕೆಸರು, ಜೋಜಿಲಾದ ಹಿಮ

ಪರೀಕ್ಷೆಯ ಗೈಡುಗಳಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯ ಅವರಿಗೆ ಸಿಗುವುದು ಎರಡೇ ಸಾಲು. ಕೊಡಗಿನವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು. ಜಾಸ್ತಿ ಅಂದರೆ 1959ರ ರಾಜೀನಾಮೆಯ ಪ್ರಸ್ತಾಪ ಇರುತ್ತದೆ. ಅವರು ಪದಕ ಗಳಿಸಿದ್ದು ಹೇಗೆ, ಯುದ್ಧಭೂಮಿಯಲ್ಲಿ ಮಾಡಿದ್ದೇನು ಅನ್ನುವುದು ಬಿಟ್ಟೇಹೋಗುತ್ತದೆ. ನನಗೆ ಅದೇ ಮುಖ್ಯ ಅನಿಸುತ್ತದೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಎರಡು ಕಾಳಗಗಳನ್ನೇ ಹೆಚ್ಚು ನೋಡೋಣ.

ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ, ಕೊಡಂದೇರ ಮನೆತನದಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರದೂ ಇದೇ ಮನೆತನ. ಇಬ್ಬರನ್ನೂ ಅದಲುಬದಲು ಮಾಡಿಕೊಳ್ಳಬೇಡಿ: 1949ರಲ್ಲಿ ಮೊದಲ ಭಾರತೀಯ ಮಹಾದಂಡನಾಯಕರಾದವರು ಕಾರ್ಯಪ್ಪ. ತಿಮ್ಮಯ್ಯ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದರು. ಮರುವರ್ಷ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. ಇಂದಿನ ಕುಮಾವೂ ರೆಜಿಮೆಂಟ್ ಇದೇ.

ಆ ಬೆಟಾಲಿಯನ್ನೇ ಯಾಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರತೀಯ ಅಧಿಕಾರಿಗಳನ್ನು ಎಲ್ಲ ದಳಗಳಿಗೂ ಸೇರಿಸಿಕೊಂಡರೆ ಮುಂದೊಂದು ದಿನ ಬ್ರಿಟಿಷ್ ಅಧಿಕಾರಿ ಭಾರತೀಯನ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ. ಅದು ಸರ್ಕಾರಕ್ಕೆ ಬೇಡವಾಗಿತ್ತು. ಅದಕ್ಕೇ 1923ರಲ್ಲಿ ಎಂಟು ದಳಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳು ಇವುಗಳಿಗೆ ಮಾತ್ರ ಎಂದು ಗೆರೆ ಎಳೆದರು. 4/19 ಹೈದರಾಬಾದ್ ಆ ಎಂಟರಲ್ಲಿ ಒಂದು. 7ನೇ ಲೈಟ್ ಕ್ಯಾವಲ್ರಿ ಇನ್ನೊಂದು. ಈ ಎರಡನೇ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ತರುಣ ತಿಮ್ಮಯ್ಯ ಅಲಹಾಬಾದಿನಲ್ಲಿದ್ದಾಗ ನೆಹರೂ ಕುಟುಂಬದ ಪರಿಚಯವಾಯಿತು. ಸ್ವಾತಂತ್ರ್ಯ ಚಳವಳಿ ಜೋರಾಗಿದ್ದ ಕಾಲ. ಬ್ರಿಟಿಷರ ಸೇನೆ ಬಿಟ್ಟುಬಿಡಲೇ ಎಂಬ ಯೋಚನೆ ಬಂದಾಗ ಮೋತಿಲಾಲ್ ನೆಹರೂ ಬೇಡ ಎಂದರು. ಸ್ವತಂತ್ರ ದೇಶಕ್ಕೆ ಕೆಲಸ ಕಲಿತ ಸೈನ್ಯಾಧಿಕಾರಿಗಳು ಬೇಕಾಗುತ್ತಾರೆ ಅನ್ನುವುದು ಅವರ ಮಾತಿನ ಸಾರ. ತಿಮ್ಮಯ್ಯನವರ ಸ್ವಂತ ಅಣ್ಣ ಪೊನ್ನಪ್ಪ ಮುಂದೆ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ಮನೆಯ ಇಬ್ಬರು, ಬರ್ಮಾ ಯುದ್ಧದಲ್ಲಿ ಎದುರುಬದುರಾಗಿದ್ದ ಎರಡು ಸೇನೆಗಳಲ್ಲಿ. ಇಬ್ಬರಿಗೂ ಬೇಕಿದ್ದದ್ದು ಸ್ವತಂತ್ರ ಭಾರತವೇ ಅಲ್ವಾ?

ಈಗ ಮೊದಲ ಕಾಳಗ. ಬರ್ಮಾದ ಅರಾಕಾನ್ ಕರಾವಳಿ, 1945ರ ಜನವರಿ. ಜಪಾನಿ ಸೇನೆ ದಕ್ಷಿಣಕ್ಕೆ ಹಿಂದೆ ಸರಿಯುತ್ತಿತ್ತು. ಅದು ನೆಚ್ಚಿಕೊಂಡಿದ್ದ ರಸ್ತೆ ಕಾಂಗಾವ್ ಎಂಬ ಹಳ್ಳಿಯ ಬಳಿ ಹಾದುಹೋಗುತ್ತಿತ್ತು. ಅಲ್ಲಿ ರಸ್ತೆ ಕಡಿದರೆ ಸೇನೆ ಸಿಕ್ಕಿಬೀಳುತ್ತದೆ. ಆದರೆ ಅಲ್ಲಿಗೆ ತಲುಪಬೇಕಾದರೆ ದೋಣಿಗಳಲ್ಲಿ ಹಿನ್ನೀರಿನ ಕಾಲುವೆಗಳೊಳಗೆ ನುಗ್ಗಿ, ಕಾಂಡ್ಲಾ ಕಾಡಿನ ಕೆಸರಿನಲ್ಲಿ ಇಳಿದು, ಆಮೇಲೆ ಗುಡ್ಡ ಹತ್ತಬೇಕು. ಮೊದಲು ಬ್ರಿಟಿಷ್ ಕಮಾಂಡೋಗಳು ಇಳಿದರು. ಅವರ ಬೆನ್ನಿಗೆ 51ನೇ ಭಾರತೀಯ ಬ್ರಿಗೇಡ್ ಬಂತು. ಜಪಾನಿಗಳು ಜೀವದಾಸೆ ಬಿಟ್ಟು ಮತ್ತೆಮತ್ತೆ ಮೇಲೆಬಿದ್ದರು.

ಆ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ಕಮಾಂಡರುಗಳು: 8/19 ಹೈದರಾಬಾದಿಗೆ ತಿಮ್ಮಯ್ಯ, 2/2 ಪಂಜಾಬಿಗೆ ಎಸ್.ಪಿ.ಪಿ. ಥೋರಟ್, 16/10 ಬಲೂಚಿಗೆ ಎಲ್.ಪಿ. ಸೇನ್. ಭಾರತೀಯರು ಬೆಟಾಲಿಯನ್ ನಡೆಸಬಲ್ಲರೇ ಎಂಬ ಅನುಮಾನ ಆಗಿನ್ನೂ ಹೋಗಿರಲಿಲ್ಲ. ಕಾಳಗದ ಕೊನೆಗೆ ಮೂವರಿಗೂ ಡಿಎಸ್‌ಒ, ಅಂದರೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ ಪದಕ ಬಂತು. ಎಂಟು ದಳಗಳ ಗೆರೆಗೆ ಇದಕ್ಕಿಂತ ನೇರ ಉತ್ತರ ನನಗೆ ಬೇರೆ ಕಂಡಿಲ್ಲ. ಅದೇ ವರ್ಷ ತಿಮ್ಮಯ್ಯ 36ನೇ ಬ್ರಿಗೇಡಿನ ಮುಖ್ಯಸ್ಥರಾದರು. ಆ ಮಹಾಯುದ್ಧದಲ್ಲಿ ಕಾಲಾಳು ಬ್ರಿಗೇಡನ್ನು ರಣರಂಗದಲ್ಲಿ ನಡೆಸಿದ ಭಾರತೀಯ ಅವರೊಬ್ಬರೇ.

ಎರಡನೆಯದು ಕಾಶ್ಮೀರ, 1948. ಇಲ್ಲಿ ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಸೋನಾಮಾರ್ಗ್, ಬಾಲ್ಟಾಲ್ ದಾಟಿ ಜೋಜಿಲಾ ಕಣಿವೆಮಾರ್ಗ ಹತ್ತುತ್ತದೆ. ಎತ್ತರ ಸುಮಾರು 11,500 ಅಡಿ. ಆಚೆಗೆ ದ್ರಾಸ್, ಕಾರ್ಗಿಲ್, ಆಮೇಲೆ ಲೇಹ್. ದ್ರಾಸ್, ಕಾರ್ಗಿಲ್ ಪಾಕಿಸ್ತಾನದ ಕಡೆಯ ಪಡೆಗಳ ಕೈಗೆ ಹೋದವು. ಜೋಜಿಲಾ ಕೂಡ ಹೋಯಿತು. ಲೇಹ್ ಒಂಟಿಯಾಯಿತು.

ಅದಕ್ಕೂ ಮೊದಲೇ ಸೋನಂ ನೋರ್ಬು ಎಂಬ ಎಂಜಿನಿಯರ್ ಸ್ಥಳೀಯರನ್ನು ಸೇರಿಸಿಕೊಂಡು ಲೇಹ್‌ನಲ್ಲಿ ಒಂದು ರನ್‌ವೇ ಸಿದ್ಧಮಾಡಿದ್ದರು. ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಅಲ್ಲಿ ಮೊದಲ ಬಾರಿಗೆ ಇಳಿಸಿದರು. ಹಿಮಾಲಯದ ಶಿಖರಗಳ ನಡುವೆ, ಯಾರೂ ಹಾರಿರದ ದಾರಿ. ಆ ವಿಮಾನದಲ್ಲಿ ತಿಮ್ಮಯ್ಯ ಕೂಡ ಕೂತಿದ್ದರು. ಸೈನಿಕರನ್ನು ಕಳಿಸುವ ದಾರಿಯಲ್ಲಿ ಮೊದಲು ತಾವು ಹೋಗಿನೋಡುವ ಸ್ವಭಾವ ಅವರದು.

ಸೆಪ್ಟೆಂಬರಿನಲ್ಲಿ ಜೋಜಿಲಾ ಮೇಲೆ ನಡೆಸಿದ ದಾಳಿ ಸೋತಿತು. ಎರಡೂ ಬದಿಯ ಬಂಡೆಗಳಲ್ಲಿ ಬಂಕರುಗಳು, ಅವುಗಳಲ್ಲಿ ಮೆಷಿನ್ ಗನ್‌ಗಳು. ಬರೀ ಕಾಲಾಳುಗಳಿಂದ ಆಗುವ ಕೆಲಸವಲ್ಲ ಅದು. ಹಾಗಾಗಿ ಟ್ಯಾಂಕು ತರುವ ನಿರ್ಧಾರವಾಯಿತು. ಬಂದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು.

ಟ್ಯಾಂಕು ತಂದ ರೀತಿಯೇ ಒಂದು ಪಾಠ. ದುರ್ಬಲ ಸೇತುವೆಗಳು ತಡೆದುಕೊಳ್ಳಲಿ, ನೋಡಿದವರಿಗೆ ಗುರುತೂ ಸಿಗದಿರಲಿ ಎಂದು ತೋಪು ಕೂರುವ ಮೇಲ್ಭಾಗವನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಪಯಣ ರಾತ್ರಿ ಹೊತ್ತು. ಶ್ರೀನಗರ ದಾಟುವಾಗ ಕರ್ಫ್ಯೂ. ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದ ಕಿರುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದವರು. ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿರುವ ಎಂಇಜಿ ಕೇಂದ್ರ ಅವರದೇ. ಗುಂಡಿನ ಅಪಾಯದ ನಡುವೆಯೇ ಬಂಡೆ ಸಿಡಿಸಿ ದಾರಿ ಮಾಡಿದ ಈ ಸೈನಿಕರ ಹೆಸರು ಉತ್ತರದಲ್ಲಿ ಬರೆಯಲು ಮರೆಯಬೇಡಿ.

ಹವಾಮಾನ ಕೈಕೊಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ 1948ರ ನವೆಂಬರ್ 1ರಂದು, ಹಿಮದ ನಡುವೆ ಟ್ಯಾಂಕುಗಳು ಮೇಲೇರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯ. ಡಿವಿಷನ್ ಕಮಾಂಡರ್ ಇರಬೇಕಾದ ಜಾಗ ಅದಲ್ಲ. ಅಷ್ಟು ಎತ್ತರದಲ್ಲಿ ಟ್ಯಾಂಕು ಬರುತ್ತದೆಂದು ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಬಂಕರುಗಳು ಒಂದೊಂದಾಗಿ ಮುರಿದುಬಿದ್ದವು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಮರಳಿ ಸಿಕ್ಕವು. ಲೇಹ್‌ಗೆ ದಾರಿ ತೆರೆಯಿತು.

ಉಳಿದದ್ದು ಚುಟುಕಾಗಿ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು. 1954ರಲ್ಲಿ ಪದ್ಮಭೂಷಣ. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಕೇಳಿಕೊಂಡ ಮೇಲೆ ವಾಪಸ್ ಪಡೆದರು. ನಿವೃತ್ತಿಯ ನಂತರ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ.

ಕಾಂಗಾವ್‌ನ ಇನ್ನಿಬ್ಬರನ್ನೂ ಹೀಗೇ ಓದಿಕೊಳ್ಳಿ. 1947ರ ನವೆಂಬರಿನಲ್ಲಿ ಶ್ರೀನಗರವನ್ನು ಉಳಿಸಿದ 161ನೇ ಬ್ರಿಗೇಡಿನ ಕಮಾಂಡರ್ ಇದೇ ಎಲ್.ಪಿ. ಸೇನ್. ಕೊರಿಯಾದಲ್ಲಿ ತಿಮ್ಮಯ್ಯನವರ ಆಯೋಗದ ಜೊತೆ ಕೈದಿಗಳ ಕಾವಲಿಗಿದ್ದ ಭಾರತೀಯ ಪಡೆಯ ಮುಖ್ಯಸ್ಥರು ಇದೇ ಥೋರಟ್.