ಕಾಸಿಲ್ಲದ ಪಾಡ್‌ಕಾಸ್ಟಿಗೆ ಕಾಸು ಕಟ್ಟುವವರು ಯಾರು?

2007ರ ನವೆಂಬರ್ ಕೊನೆಯಲ್ಲಿ ವಿಡಿಯೋ ಗೇಮ್‌ಗಳನ್ನು ವಿಮರ್ಶಿಸುವ ಅಮೆರಿಕದ ಗೇಮ್‌ಸ್ಪಾಟ್ ಜಾಲತಾಣ ತನ್ನ ಹಿರಿಯ ಸಂಪಾದಕ ಜೆಫ್ ಗರ್ಸ್ಟ್‌ಮನ್ ಅವರನ್ನು ಕೆಲಸದಿಂದ ತೆಗೆಯಿತು. ಕೆಲವೇ ದಿನ ಮುಂಚೆ ಅವರು ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟಿದ್ದರು. ಆ ಹೊತ್ತಿಗೆ ತಾಣದ ಮುಖಪುಟದ ತುಂಬ ಅದೇ ಆಟದ ಜಾಹೀರಾತು. ಎರಡಕ್ಕೂ ಸಂಬಂಧವಿಲ್ಲ ಎಂದು ಕಂಪನಿ ಆಗ ಹೇಳಿತು. ಬಾಯಿ ಬಿಡದಂತೆ ಕಟ್ಟಿಹಾಕಿದ್ದ ಕರಾರು 2012ರಲ್ಲಿ ಸಡಿಲವಾದಾಗ, ಆಟದ ಪ್ರಕಾಶಕರ ಒತ್ತಡಕ್ಕೆ ಆಡಳಿತ ಮಣಿದದ್ದೇ ಕಾರಣವೆಂದು ಗರ್ಸ್ಟ್‌ಮನ್ ತಾವೇ ವಿವರಿಸಿದರು.

ಪುಕ್ಕಟೆ ಸಿಗುವ ಗೇಮಿಂಗ್ ಪಾಡ್‌ಕಾಸ್ಟಿಗೆ, ಅಂದರೆ ಅಂತರಜಾಲದಿಂದ ಇಳಿಸಿಕೊಂಡು ಕೇಳುವ ಆಟದ ಹರಟೆಗೆ, ಅಭಿಮಾನಿಗಳು ದುಡ್ಡು ಕೊಡಬೇಕೇ ಎಂಬ ಜಗಳದ ಬೇರು ಇಲ್ಲಿದೆ. ಆಟದ ಬಗ್ಗೆ ಮಾತಾಡುವವರಿಗೆ ಆಟ ಮಾರುವವರೇ ಸಂಬಳ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕೇಳುಗರು ಕಣ್ಣಾರೆ ಕಂಡಿದ್ದರು. ಆದರೆ ಬೇರೆ ಯಾರು ಕೊಡಬೇಕು ಎಂಬುದಕ್ಕೆ ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಪಾಡ್‌ಕಾಸ್ಟ್ ಹುಟ್ಟಿದ್ದೇ ಬಿಟ್ಟಿಯಾಗಿ. ಅದರ ಬೆನ್ನೆಲುಬು ಆರ್‌ಎಸ್‌ಎಸ್ ಫೀಡ್, ಅಂದರೆ ಸಂಚಿಕೆಗಳ ಪಟ್ಟಿ ಇರುವ ಒಂದು ಸಾದಾ ಪಠ್ಯ ಕಡತ. ಪ್ರತಿ ಸಂಚಿಕೆಯ ಹೆಸರು, ದಿನಾಂಕ, ಎಂಪಿ3 ಧ್ವನಿಕಡತ ಎಲ್ಲಿದೆ ಎಂಬ ವಿಳಾಸ ಅದರಲ್ಲಿರುತ್ತದೆ. ಬೆಲೆ ಬರೆಯುವುದಕ್ಕೆ ಜಾಗವೇ ಇಲ್ಲ. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಸಂಗೀತದ ತಂತ್ರಾಂಶ ಐಟ್ಯೂನ್ಸ್ 4.9ರಲ್ಲಿ ಪಾಡ್‌ಕಾಸ್ಟ್‌ಗಳನ್ನು ಸೇರಿಸಿದಾಗಲೂ ಕೆಲಸ ಅಷ್ಟೇ: ಫೀಡಿನ ವಿಳಾಸ ತೋರಿಸುವುದು. ಮಾರಾಟ ಇಲ್ಲ. ಹೀಗಾಗಿ ‘ಪಾಡ್‌ಕಾಸ್ಟ್ ಅಂದರೆ ಉಚಿತ’ ಎಂಬುದು ಯಾರೋ ಕೂತು ಮಾಡಿದ ತೀರ್ಮಾನವಲ್ಲ. ಯಂತ್ರದ ರಚನೆಯೇ ಹಾಗಿತ್ತು, ಅಭ್ಯಾಸ ಅದರ ಹಿಂದೆ ಬಂತು.

ಖರ್ಚು ಮಾತ್ರ ಮೊದಲ ದಿನದಿಂದ ಇತ್ತು. 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತದೆ. ಗೇಮಿಂಗ್ ಪಾಡ್‌ಕಾಸ್ಟ್‌ನವರು ಬೇರೆ ಎರಡು ಗಂಟೆಗಿಂತ ಮೊದಲು ಮಾತು ನಿಲ್ಲಿಸುವವರಲ್ಲ! ಎರಡು ಗಂಟೆಯ ಸಂಚಿಕೆ ಅಂದರೆ 115 ಎಂಬಿ; ಹತ್ತು ಸಾವಿರ ಜನ ಇಳಿಸಿಕೊಂಡರೆ ಒಂದು ಟೆರಾಬೈಟ್ ದಾಟಿತು. ಆ ಕಾಲದಲ್ಲಿ ಇದು ಹವ್ಯಾಸಿಯ ಜೇಬು ಹರಿಯುವ ಮೊತ್ತ. 2004ರಲ್ಲಿ ಶುರುವಾದ ಲಿಬ್‌ಸಿನ್‌ನಂಥ ಹೋಸ್ಟಿಂಗ್ (ಕಡತ ಇಟ್ಟುಕೊಂಡು ಕೇಳುಗರಿಗೆ ತಲುಪಿಸುವ) ಸೇವೆಗಳು ಎಷ್ಟು ಜನ ಇಳಿಸಿಕೊಂಡರು ಎಂಬುದನ್ನು ಬಿಟ್ಟು, ತಿಂಗಳಿಗೆ ಎಷ್ಟು ಎಂಬಿ ಏರಿಸಿದಿರಿ ಎಂಬುದಕ್ಕೆ ದರ ಹಾಕಿದ್ದರಿಂದ ಚಿಕ್ಕವರು ಬದುಕಿದರು. ಈಗ ಹೋಸ್ಟಿಂಗ್ ದೊಡ್ಡ ತಲೆನೋವಲ್ಲ.

ದೊಡ್ಡ ಖರ್ಚು ಸಮಯ. ಅರವತ್ತು ಗಂಟೆಯ ಆಟವನ್ನು ಆಡಿ ಮುಗಿಸಿದ ಮೇಲೇ ಅದರ ಬಗ್ಗೆ ನಲವತ್ತು ನಿಮಿಷ ತೂಕದ ಮಾತು ಆಡಲು ಸಾಧ್ಯ. ಪ್ರಕಾಶಕರು ವಿಮರ್ಶೆಗೆ ಆಟವನ್ನು ಪುಕ್ಕಟೆ ಇಳಿಸಿಕೊಳ್ಳುವ ಕೋಡ್ ಕಳಿಸದಿದ್ದರೆ ಹೊಸ ಆಟಕ್ಕೆ 70 ಡಾಲರ್ ಕೈಯಿಂದ. ಆಮೇಲೆ ಎಡಿಟಿಂಗ್. ನಾಲ್ಕು ಜನ ನಾಲ್ಕು ಊರಲ್ಲಿ ಕೂತು ಮಾತಾಡಿದರೆ, ಪ್ರತಿಯೊಬ್ಬರೂ ತಮ್ಮ ಧ್ವನಿಯನ್ನು ತಮ್ಮ ಕಂಪ್ಯೂಟರಿನಲ್ಲೇ ಮುದ್ರಿಸಿಕೊಂಡು ಕಳಿಸುತ್ತಾರೆ. ಶುರುವಿನಲ್ಲಿ ಎಲ್ಲರೂ ಒಂದು ಚಪ್ಪಾಳೆ ತಟ್ಟಿ, ಆ ಸದ್ದಿಗೆ ನಾಲ್ಕೂ ಟ್ರ್ಯಾಕ್ ಹೊಂದಿಸುವುದು ರೂಢಿ. ಅಷ್ಟಕ್ಕೇ ಮುಗಿಯುವುದಿಲ್ಲ. ಒಂದೊಂದು ಯಂತ್ರದ ಗಡಿಯಾರ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುವುದರಿಂದ, ಎರಡನೇ ಗಂಟೆಯ ಹೊತ್ತಿಗೆ ಒಬ್ಬರ ನಗು ಇನ್ನೊಬ್ಬರ ಜೋಕಿಗಿಂತ ಮೊದಲೇ ಕೇಳಿಸತೊಡಗುತ್ತದೆ. ನಡುನಡುವೆ ಕತ್ತರಿಸಿ ಜರುಗಿಸಬೇಕು, ಕೆಮ್ಮು ತೆಗೆಯಬೇಕು, ಎಲ್ಲರ ಧ್ವನಿಯನ್ನೂ ಒಂದೇ ಮಟ್ಟಕ್ಕೆ ತರಬೇಕು. ನಾಲ್ಕಾರು ಗಂಟೆ ಸಲೀಸಾಗಿ ಹೋಗುತ್ತದೆ. ಸ್ವಲ್ಪ ಹಣ ಬಂದ ಕೂಡಲೇ ಬಹುತೇಕ ತಂಡಗಳು ಮೊದಲು ಹುಡುಕುವುದು ಎಡಿಟರನ್ನು.

ಶುರುವಿನ ವರ್ಷಗಳಲ್ಲಿ ಈ ಖರ್ಚನ್ನೆಲ್ಲ ಪತ್ರಿಕಾ ಸಂಸ್ಥೆಗಳು ನುಂಗಿಕೊಂಡವು. ಸಂಪಾದಕರು ಸಂಬಳಕ್ಕೆ ವಿಮರ್ಶೆ ಬರೆಯುತ್ತಿದ್ದರು, ಪಾಡ್‌ಕಾಸ್ಟ್ ಅದರ ಬಾಲಂಗೋಚಿ. 2009ರ ಜನವರಿಯಲ್ಲಿ ಜಿಫ್ ಡೇವಿಸ್ ಕಂಪನಿ 1ಅಪ್ ಎಂಬ ಗೇಮಿಂಗ್ ತಾಣವನ್ನು ಮಾರಿ, ಇಜಿಎಂ ಪತ್ರಿಕೆಯನ್ನು ನಿಲ್ಲಿಸಿ, ಹಲವರನ್ನು ಮನೆಗೆ ಕಳಿಸಿದಾಗ ಆ ವ್ಯವಸ್ಥೆಯ ಟೊಳ್ಳು ಬಯಲಾಯಿತು. ಜನಪ್ರಿಯ ಪಾಡ್‌ಕಾಸ್ಟ್‌ಗಳ ತಂಡಗಳು ರಾತ್ರೋರಾತ್ರಿ ಚದುರಿದವು. ಕೇಳುಗರು ಇದ್ದರು, ಮಾತಾಡುವವರೂ ಇದ್ದರು. ನಡುವೆ ಸಂಬಳ ಕೊಡುತ್ತಿದ್ದವರು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಗರ್ಸ್ಟ್‌ಮನ್ ಮತ್ತು ರಯಾನ್ ಡೇವಿಸ್ 2008ರಲ್ಲಿ ಜೈಂಟ್ ಬಾಂಬ್ ಎಂಬ ಸ್ವಂತ ಗೇಮಿಂಗ್ ತಾಣ ಶುರು ಮಾಡಿದ್ದರು. 2010ರಲ್ಲಿ ಅದು ತಿಂಗಳಿಗೆ ಸುಮಾರು 5 ಡಾಲರ್, ವರ್ಷಕ್ಕೆ 50 ಡಾಲರಿನ ಪ್ರೀಮಿಯಂ ಸದಸ್ಯತ್ವ ತಂದಿತು. ವಾರದ ಪಾಡ್‌ಕಾಸ್ಟ್ ಬಾಂಬ್‌ಕಾಸ್ಟ್ ಎಲ್ಲರಿಗೂ ಉಚಿತವಾಗೇ ಉಳಿಯಿತು. ದುಡ್ಡು ಕಟ್ಟಿದವರಿಗೆ ಹೆಚ್ಚುವರಿ ವಿಡಿಯೋಗಳು ಸಿಕ್ಕವು. ಈ ಹಂಚಿಕೆಯನ್ನು ಗಮನಿಸಬೇಕು. ಮುಖ್ಯ ಕಾರ್ಯಕ್ರಮ ಬಾಗಿಲಾಚೆ, ಉಪ್ಪಿನಕಾಯಿ ಬಾಗಿಲೊಳಗೆ. ಮುಖ್ಯವಾದದ್ದನ್ನೇ ಒಳಗೆ ಕೂಡಿಹಾಕಿದರೆ ಹೊಸ ಕೇಳುಗರು ಬರುವ ದಾರಿಯೇ ಮುಚ್ಚುತ್ತದೆ. ಪಾಡ್‌ಕಾಸ್ಟಿಗೆ ಹೊಸಬರು ಬರುವುದು ಹೆಚ್ಚಾಗಿ ಗೆಳೆಯರ ಬಾಯಿಮಾತಿನಿಂದ, ಬೀಗ ಹಾಕಿದ ಸಂಚಿಕೆಯನ್ನು ಯಾರೂ ಗೆಳೆಯನಿಗೆ ಕಳಿಸುವುದಿಲ್ಲ.

ಇನ್ನೊಂದು ದಾರಿ ಒಮ್ಮೆಲೇ ಚಂದಾ ಎತ್ತುವುದು. 2012ರಲ್ಲಿ ಐಡಲ್ ಥಂಬ್ಸ್ ತಂಡ ಪಾಡ್‌ಕಾಸ್ಟನ್ನು ಮತ್ತೆ ಶುರು ಮಾಡಲು ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ತಾಣದಲ್ಲಿ 30 ಸಾವಿರ ಡಾಲರ್ ಕೇಳಿತು. ಬಂದದ್ದು ಒಂದು ಲಕ್ಷಕ್ಕೂ ಮೇಲೆ. ಹಣ ಕೊಟ್ಟವರಿಗೆ ಬ್ರೆಂಡನ್ ಚಂಗ್ ಅವರ ‘ಥರ್ಟಿ ಫ್ಲೈಟ್ಸ್ ಆಫ್ ಲವಿಂಗ್’ ಎಂಬ ಹೊಸ ಆಟವೂ ಸಿಕ್ಕಿತು. ಸೊಗಸಾದ ವ್ಯವಹಾರವೇ. ಆದರೆ ಪಾಡ್‌ಕಾಸ್ಟ್ ಪ್ರತಿವಾರದ ಕೆಲಸ, ಚಂದಾ ಒಂದು ಸಲದ್ದು. ಗಂಟು ಕರಗಿದ ಮೇಲೆ ಮತ್ತೆ ಕೈಚಾಚಬೇಕು.

2013ರಲ್ಲಿ ಜ್ಯಾಕ್ ಕಾಂಟಿ ಮತ್ತು ಸ್ಯಾಮ್ ಯಾಮ್ ಶುರು ಮಾಡಿದ ಪೇಟ್ರಿಯಾನ್ ಈ ತೊಡಕನ್ನು ಬಿಡಿಸಿತು: ಚಿಕ್ಕ ಮೊತ್ತ, ತಿಂಗಳು ತಿಂಗಳು. 2015ರ ಜನವರಿಯಲ್ಲಿ ಗ್ರೆಗ್ ಮಿಲ್ಲರ್, ಕಾಲಿನ್ ಮೊರಿಯಾರ್ಟಿ, ಟಿಮ್ ಗೆಟ್ಟಿಸ್, ನಿಕ್ ಸ್ಕಾರ್ಪಿನೋ ನಾಲ್ವರೂ ಐಜಿಎನ್ ಎಂಬ ದೊಡ್ಡ ಗೇಮಿಂಗ್ ತಾಣ ಬಿಟ್ಟು ಪೇಟ್ರಿಯಾನ್ ನೆಚ್ಚಿಕೊಂಡು ಕೈಂಡಾ ಫನ್ನಿ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ದೊಡ್ಡ ತಾಣದ ಸಂಬಳ ಬಿಟ್ಟು ಕೇಳುಗರನ್ನೇ ನಂಬಿ ಹೊರಟರೂ ಬದುಕಬಹುದು ಎಂಬ ಧೈರ್ಯ ಬೇರೆಯವರಿಗೆ ಬಂದದ್ದು ಅಲ್ಲಿಂದ.

ಮಧ್ಯವರ್ತಿ ಇದ್ದಲ್ಲಿ ಕಮಿಷನ್ ಇದ್ದೇ ಇದೆ. 2017ರ ಡಿಸೆಂಬರಿನಲ್ಲಿ ಪೇಟ್ರಿಯಾನ್, ಪ್ರತಿ ಕೊಡುಗೆಯ ಮೇಲೆ ಶೇ. 2.9 ಮತ್ತು 35 ಸೆಂಟ್ ಶುಲ್ಕವನ್ನು ಕೊಡುವವರ ತಲೆಗೇ ಕಟ್ಟುವುದಾಗಿ ಘೋಷಿಸಿತು. ಒಂದು ಡಾಲರ್ ಕೊಡುವವನು 1.38 ತೆರಬೇಕು. ಒಂದೊಂದೇ ಡಾಲರ್ ಹತ್ತು ಜನರಿಗೆ ಹಂಚುತ್ತಿದ್ದ ಅಭಿಮಾನಿಗಳು ದಂಡಿಯಾಗಿ ಕೈಬಿಟ್ಟರು. ವಾರದೊಳಗೆ ಕಂಪನಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಈಗ ಹೊಸದಾಗಿ ಸೇರುವ ತಂಡಗಳಿಂದ ಅದು ಶೇ. 10 ತೆಗೆದುಕೊಳ್ಳುತ್ತದೆ, ಪಾವತಿ ಶುಲ್ಕ ಅದರ ಮೇಲೆ.

‘ಜಾಹೀರಾತು ಹಾಕುತ್ತಾರಲ್ಲ, ಮತ್ತೆ ನಾವ್ಯಾಕೆ ಕೊಡಬೇಕು?’ ಎನ್ನುವವರಿಗೆ ಉತ್ತರ ಲೆಕ್ಕದಲ್ಲಿದೆ. ಪಾಡ್‌ಕಾಸ್ಟ್ ಜಾಹೀರಾತಿನ ದರ ಸಾವಿರ ಡೌನ್‌ಲೋಡಿಗೆ ಇಷ್ಟು ಎಂದಿರುತ್ತದೆ. 20 ಡಾಲರ್ ಎಂದು ಹಿಡಿಯೋಣ. ಸಂಚಿಕೆಗೆ ಹತ್ತು ಸಾವಿರ ಡೌನ್‌ಲೋಡ್, ಎರಡು ಜಾಹೀರಾತು: 400 ಡಾಲರ್. ಏಜೆನ್ಸಿಗೆ ಶೇ. 30 ಹೋದರೆ 280. ತಿಂಗಳಿಗೆ ನಾಲ್ಕು ಸಂಚಿಕೆ, 1,120 ಡಾಲರ್. ಇದೂ ಜಾಗವೆಲ್ಲ ಮಾರಾಟವಾದರೆ ಮಾತ್ರ. ಅದೇ ಹತ್ತು ಸಾವಿರದಲ್ಲಿ ನೂರಕ್ಕೆ ಇಬ್ಬರು ತಿಂಗಳಿಗೆ 5 ಡಾಲರ್ ಕೊಟ್ಟರೆ ಒಂದು ಸಾವಿರ. ಪೇಟ್ರಿಯಾನಿನ 50 ಸೆಂಟ್, ಕಾರ್ಡಿನ ಶೇ. 2.9 ಮತ್ತು 30 ಸೆಂಟ್ ಕಳೆದರೆ ಪ್ರತಿ ಐದರಲ್ಲಿ ಸುಮಾರು 4.05 ಕೈಗೆ ಬರುತ್ತದೆ; ಒಟ್ಟು 810. ಅಂದರೆ ಇನ್ನೂರು ಜನರ ಕೊಡುಗೆ ಹತ್ತು ಸಾವಿರ ಜನರಿಗೆ ಜಾಹೀರಾತು ಕೇಳಿಸಿದ ಗಳಿಕೆಯ ಹತ್ತಿರಕ್ಕೆ ಬಂತು. ಉಳಿದ 9,800 ಜನ ಪುಕ್ಕಟೆ ಕೇಳಿದರೆ ತಪ್ಪೇನೂ ಇಲ್ಲ, ಅವರ ಮನಸ್ಸಿಗೆ ಚುಚ್ಚುವ ಅಗತ್ಯವೂ ಇಲ್ಲ. ಲೆಕ್ಕ ನಿಂತಿರುವುದೇ ಹಾಗೆ.

ಮೇಲಾಗಿ ಜಾಹೀರಾತಿನ ಹಣದ ಹಿಡಿತ ಬೇರೆಯವರ ಕೈಯಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನಿನ ತಂತ್ರಾಂಶ ಐಒಎಸ್ 17, ಕೇಳದೆ ಬಿಟ್ಟ ಕಾರ್ಯಕ್ರಮಗಳ ಹೊಸ ಸಂಚಿಕೆಗಳನ್ನು ತಾನಾಗಿ ಇಳಿಸಿಕೊಳ್ಳುವುದನ್ನು ಕಡಿಮೆ ಮಾಡಿತು. ಕೇಳುವವರು ಅಷ್ಟೇ ಇದ್ದರೂ ಡೌನ್‌ಲೋಡ್ ಅಂಕಿ ಬಿದ್ದವು. ದರ ನಿಗದಿಯಾಗುವುದು ಅದೇ ಅಂಕಿಯ ಮೇಲೆ. ಪ್ರಾಮಾಣಿಕವಾಗಿ ನೋಡಿದರೆ ಹಳೆಯ ಅಂಕಿಯೇ ಉಬ್ಬಿಕೊಂಡಿತ್ತು. ಆದರೆ ಆ ಉಬ್ಬಿದ ಅಂಕಿಯ ಮೇಲೆ ಮನೆ ಬಾಡಿಗೆ ಕಟ್ಟುತ್ತಿದ್ದವರಿಗೆ ಆ ಸತ್ಯದಿಂದ ಸಮಾಧಾನವೇನೂ ಸಿಗದು.

ಇಷ್ಟೆಲ್ಲ ಹೇಳಿದ ಮೇಲೆ, ದುಡ್ಡು ಕೊಡಬೇಕೇ ಎನ್ನುವುದಕ್ಕಿಂತ ಯಾರ ಕೈಗೆ ಕೊಡುತ್ತೀರಿ ಎನ್ನುವುದೇ ದೊಡ್ಡ ಪ್ರಶ್ನೆ. ಅದಕ್ಕೆ ಜೈಂಟ್ ಬಾಂಬಿನ ಮುಂದಿನ ಕತೆಗಿಂತ ಬೇರೆ ಪುರಾವೆ ಬೇಡ. 2012ರಲ್ಲಿ ಸಿಬಿಎಸ್ ಇಂಟರ್‌ಆ್ಯಕ್ಟಿವ್ ಅದನ್ನು ಕೊಂಡಿತು. ಗೇಮ್‌ಸ್ಪಾಟ್‌ನ ಒಡೆತನವೂ ಆಗ ಅದರದೇ. ಗರ್ಸ್ಟ್‌ಮನ್ ಹೊರಬಿದ್ದ ಮನೆಗೇ ಹಿಂಬಾಗಿಲಿನಿಂದ ಬಂದಂತಾಯಿತು. 2020ರಲ್ಲಿ ರೆಡ್ ವೆಂಚರ್ಸ್, 2022ರ ಅಕ್ಟೋಬರಿನಲ್ಲಿ ಫ್ಯಾಂಡಮ್. ಹತ್ತು ವರ್ಷದಲ್ಲಿ ಮೂವರು ಒಡೆಯರು. ಸದಸ್ಯರು ಅಷ್ಟೂ ವರ್ಷ ಚಂದಾ ಕಟ್ಟುತ್ತಲೇ ಇದ್ದರು, ಆದರೆ ಆ ಹಣ ಹಳೆಯ ತಂಡವನ್ನು ಉಳಿಸಿಕೊಳ್ಳಲಿಲ್ಲ. 2021ರಲ್ಲಿ ವಿನ್ನಿ ಕಾರವೆಲ್ಲಾ, ಬ್ರ್ಯಾಡ್ ಶೂಮೇಕರ್, ಅಲೆಕ್ಸ್ ನವಾರೋ ಹೊರಬಂದು ನೆಕ್ಸ್ಟ್‌ಲ್ಯಾಂಡರ್ ಎಂಬ ಸ್ವಂತ ಪಾಡ್‌ಕಾಸ್ಟ್ ಶುರು ಮಾಡಿದರು. 2022ರ ಜೂನ್‌ನಲ್ಲಿ ಗರ್ಸ್ಟ್‌ಮನ್ನರೇ ಹೊರಟು ಪೇಟ್ರಿಯಾನಿನಲ್ಲಿ ಒಂಟಿ ಕಾರ್ಯಕ್ರಮ ಹೂಡಿದರು. ವೈಸ್ ಕಂಪನಿ 2023ರಲ್ಲಿ ದಿವಾಳಿಯಾಗುವ ಹೊತ್ತಿಗೆ ತನ್ನ ಗೇಮಿಂಗ್ ತಾಣ ವೇಪಾಯಿಂಟ್ ಅನ್ನು ಮುಚ್ಚಿದಾಗಲೂ ಇದೇ ಆಯಿತು: ವೇಪಾಯಿಂಟ್ ಪ್ಲಸ್‌ಗೆ ದುಡ್ಡು ಕಟ್ಟುತ್ತಿದ್ದವರು ಇದ್ದರೂ ತಾಣ ಉಳಿಯಲಿಲ್ಲ, ಪ್ಯಾಟ್ರಿಕ್ ಕ್ಲೆಪೆಕ್, ರಾಬ್ ಝಾಕ್ನಿ ಮತ್ತಿತರರು ರೀಮ್ಯಾಪ್ ಎಂಬ ಸ್ವಂತ ಅಂಗಡಿ ತೆರೆದರು.

2025ರ ಮೇ ತಿಂಗಳಲ್ಲಿ ಫ್ಯಾಂಡಮ್ ತಂದ ಹೊಸ ಕಟ್ಟಳೆಗಳ ಮೇಲೆ ಜಟಾಪಟಿಯಾಗಿ, ಜೈಂಟ್ ಬಾಂಬಿನ ಕತೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಾಗ, ಸಿಬ್ಬಂದಿಯೇ ಆದ ಜೆಫ್ ಬಕಲಾರ್ ಮತ್ತು ಜೆಫ್ ಗ್ರಬ್ ಅದನ್ನು ಕೊಂಡುಕೊಂಡರು. ಅವರಿಗೆ ಆ ಧೈರ್ಯ ಬಂದದ್ದು ಚಂದಾದಾರರ ಪಟ್ಟಿಯಿಂದಲೇ ಇರಬೇಕು. ಕೊಳ್ಳುವುದಕ್ಕೆ ಅಲ್ಲಿ ಬೇರೇನಿತ್ತು?

ನಮ್ಮ ಅಭಿಪ್ರಾಯ ಇಷ್ಟು: ವಾರವಾರ ಕೇಳುವ ಕಾರ್ಯಕ್ರಮ, ಮಾತಾಡುವವರೇ ಒಡೆಯರು ಅಂದರೆ ಕೊಡಿ. ದೊಡ್ಡ ಕಂಪನಿಯ ಕೈಯಲ್ಲಿದ್ದರೆ ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ತಿಂಗಳದ್ದು ಸಾಕು. ಹಲವು ಕಾರ್ಯಕ್ರಮ ಕೇಳುವವರಿಗೆ ಮ್ಯಾಕ್ಸಿಮಮ್ ಫನ್ ಎಂಬ ಪಾಡ್‌ಕಾಸ್ಟ್ ಸಂಸ್ಥೆಯ ಮಾದರಿ ಚೆನ್ನ. ‘ಟ್ರಿಪಲ್ ಕ್ಲಿಕ್’ ಎಂಬ ಗೇಮಿಂಗ್ ಪಾಡ್‌ಕಾಸ್ಟ್ ಇರುವುದು ಅಲ್ಲೇ. ಸೇರುವಾಗ ಯಾವ್ಯಾವುದು ಕೇಳುತ್ತೀರಿ ಎಂದು ಗುರುತು ಹಾಕಿದರೆ ನಿಮ್ಮ ಹಣ ಅವುಗಳ ನಡುವೆ ಹಂಚಿಕೆಯಾಗುತ್ತದೆ. 2023ರಿಂದ ಆ ಸಂಸ್ಥೆ ಕೆಲಸಗಾರರ ಸಹಕಾರ ಸಂಘ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕಟ್ಟುವವರಿಗೆ ಬೇರೆ ತಾಪತ್ರಯಗಳಿವೆ. ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆದು ಮಿತಿ ಹಾಕಿಕೊಳ್ಳಬೇಕು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ಕಡಿತವಾಗುವ ಪಾವತಿಗೆ ಮೊದಲ ಸಲ ಒಟಿಪಿ, ಪ್ರತಿ ಸಲ 24 ಗಂಟೆ ಮುಂಚೆ ಸೂಚನೆ ಕಡ್ಡಾಯ. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ತಾಣಗಳಲ್ಲಿ ಎರಡನೇ ತಿಂಗಳ ಕಂತು ಸದ್ದಿಲ್ಲದೆ ತಿರಸ್ಕಾರವಾಗುತ್ತದೆ. ಆದ್ದರಿಂದ, ನಂಬಿಕೆಯ ತಂಡವಾದರೆ, ವರ್ಷದ ಸದಸ್ಯತ್ವವೇ ಅನುಕೂಲ: ಒಂದೇ ಒಟಿಪಿ, ಒಂದೇ ಕಡಿತ. ಡಾಲರಿಗೆ 90 ರೂಪಾಯಿ ಹಿಡಿದರೆ 50 ಡಾಲರ್ ಅಂದರೆ 4,500 ರೂಪಾಯಿ. ಬ್ಯಾಂಕಿನ ವಿನಿಮಯ ಶುಲ್ಕ ಶೇ. 3.5, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸೇರಿ ಇನ್ನೊಂದು 186 ರೂಪಾಯಿ ಬೀಳುತ್ತದೆ. ಐಫೋನಿನ ಪೇಟ್ರಿಯಾನ್ ಆ್ಯಪಿನೊಳಗಿಂದ ಮಾತ್ರ ಕಟ್ಟಬೇಡಿ. ಆ್ಯಪಲ್ ಶೇ. 30 ಕಡಿಯುವುದರಿಂದ, ತಂಡಕ್ಕೆ 10 ಡಾಲರ್ ಮುಟ್ಟಬೇಕಾದರೆ ನೀವು 14 ಡಾಲರಿಗಿಂತ ಹೆಚ್ಚು ತೆರಬೇಕಾದೀತು. ಬ್ರೌಸರಿನಲ್ಲಿ ತಾಣ ತೆರೆದು ಕಟ್ಟಿದರೆ ಈ ಕಡಿತ ಇಲ್ಲ.

ದುಡ್ಡು ಕಟ್ಟಿದ ಮೇಲೆ ನಿಮಗೆ ಸಿಗುವುದು ಒಂದು ಖಾಸಗಿ ಫೀಡ್. ಅದೇ ಹಳೆಯ ಆರ್‌ಎಸ್‌ಎಸ್. ವಿಳಾಸದ ತುದಿಯಲ್ಲಿ ನಿಮ್ಮೊಬ್ಬರಿಗೇ ಸೇರಿದ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಪೇಟ್ರಿಯಾನಿನ ಸದಸ್ಯತ್ವ ಪುಟದಿಂದ ಆ ವಿಳಾಸವನ್ನು ನಕಲು ಮಾಡಿ, ಪಾಡ್‌ಕಾಸ್ಟ್ ಕೇಳುವ ಆ್ಯಪುಗಳಾದ ಆಂಟೆನಾಪಾಡ್‌ನಲ್ಲಿ ಪಾಡ್‌ಕಾಸ್ಟ್ ಸೇರಿಸುವ ಕಡೆ ಆರ್‌ಎಸ್‌ಎಸ್ ವಿಳಾಸದ ಆಯ್ಕೆಗೆ, ಪಾಕೆಟ್ ಕಾಸ್ಟ್ಸ್‌ನಲ್ಲಿ ಹುಡುಕಾಟದ ಪೆಟ್ಟಿಗೆಗೆ ಅಂಟಿಸಿದರೆ ಮುಗಿಯಿತು. ಸ್ಪಾಟಿಫೈ ಇಂಥ ವಿಳಾಸ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಎರಡೂ ಖಾತೆ ಜೋಡಿಸಬೇಕು, ಅದೂ ತಂಡದವರು ಆ ಸೌಲಭ್ಯ ತೆರೆದಿದ್ದರೆ. ವಿಳಾಸವನ್ನು ಗೆಳೆಯರಿಗೆ ಹಂಚಬೇಡಿ. ಒಂದೇ ಸಂಖ್ಯೆಗೆ ಹತ್ತಾರು ಕಡೆಯಿಂದ ಡೌನ್‌ಲೋಡ್ ಬಂದರೆ ಫೀಡ್ ರದ್ದಾಗಬಹುದು. ಮತ್ತೆ, ಉಚಿತ ಫೀಡನ್ನು ಪಟ್ಟಿಯಿಂದ ತೆಗೆಯಬೇಡಿ. ಕಂತು ಕೈಕೊಟ್ಟಾಗ ಖಾಸಗಿ ಫೀಡಿನಲ್ಲಿ ಹೊಸ ಸಂಚಿಕೆ ಬರುವುದು ನಿಲ್ಲುತ್ತದೆ, ಆ್ಯಪ್ ಅದನ್ನು ನಿಮಗೆ ತಿಳಿಸುವ ಗೋಜಿಗೆ ಹೋಗುವುದಿಲ್ಲ. ಉಚಿತ ಫೀಡಿನಲ್ಲಿ ಈ ವಾರದ ಸಂಚಿಕೆ ಬಂದು, ದುಡ್ಡು ಕಟ್ಟಿದ್ದರಲ್ಲಿ ಬರದಿದ್ದರೆ ಮೊದಲು ನೋಡಬೇಕಾದ್ದು ಬ್ಯಾಂಕಿನ ಎಸ್ಸೆಮ್ಮೆಸ್.