9 ಕಿ.ಮೀ. ಬಂಡೆಹಾದಿ: ಮಧ್ಯಾಹ್ನ ಎರಡಕ್ಕೆ ಹೊರಟರೆ ಕತ್ತಲಾಗುವ ಮುಂಚೆ ಮುಗಿಯುತ್ತದೆಯೇ?

ಪ್ರಶ್ನೆ: ನಗರದಂಚಿನ ಕಾಡಿನಲ್ಲಿ 9 ಕಿ.ಮೀ.ಗಳ ಸುತ್ತುದಾರಿ ಇದೆ. 4 ಕಿ.ಮೀ. ಬಂಡೆ, ಉಳಿದ 5 ಕಿ.ಮೀ. ಮರಗಳ ನಡುವಿನ ಮಣ್ಣುಹಾದಿ. ಒಟ್ಟು ಏರು 450 ಮೀಟರ್. ಫೋನಿನ ಆ್ಯಪ್ ಎರಡೂವರೆ ಗಂಟೆ ಸಾಕು ಎನ್ನುತ್ತದೆ. ಸೂರ್ಯಾಸ್ತ 6.15ಕ್ಕೆ. ಮಧ್ಯಾಹ್ನ 2ಕ್ಕೆ ಹೊರಟರೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಮಧ್ಯಾಹ್ನ 12ಕ್ಕೆ ಮೊದಲೇ ಹೊರಡಿ.

ಎರಡೂವರೆ ಗಂಟೆ ಎಂಬ ಲೆಕ್ಕದ ಬೇರು ಹಳೆಯದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಈಗಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಅದನ್ನು ಹಚ್ಚಿದರೆ 1 ಗಂಟೆ 48 ನಿಮಿಷಕ್ಕೆ 45 ನಿಮಿಷ ಸೇರಿ ಸುಮಾರು ಎರಡೂವರೆ ಗಂಟೆಯೇ ಬರುತ್ತದೆ. ಆದರೆ ಅದು ಗಟ್ಟಿಮುಟ್ಟಾದವರು ಸಲೀಸಾದ ನೆಲದ ಮೇಲೆ ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ಬಂಡೆಯ ಮೇಲೆ ನಡಿಗೆ ಹಾಗಿರುವುದಿಲ್ಲ. ಪ್ರತಿ ಹೆಜ್ಜೆಗೂ ಕಣ್ಣು ಜಾಗ ಹುಡುಕಬೇಕು, ಅಲ್ಲಲ್ಲಿ ಕೈಯೂರಬೇಕು, ಒಬ್ಬರು ಹತ್ತುವ ತನಕ ಹಿಂದಿನವರು ಕಾಯಬೇಕು.

ಹಾಗಾಗಿ ದಾರಿಯನ್ನು ನೆಲದ ಗುಣಕ್ಕೆ ತಕ್ಕಂತೆ ಒಡೆದು ಲೆಕ್ಕ ಹಾಕಿ. ಮಣ್ಣುಹಾದಿಗೆ ಗಂಟೆಗೆ 4 ಕಿ.ಮೀ. ಹಿಡಿದರೆ 5 ಕಿ.ಮೀ.ಗೆ ಒಂದೂಕಾಲು ಗಂಟೆ. ಬಂಡೆಗೆ ಗಂಟೆಗೆ 2 ಕಿ.ಮೀ. ಹಿಡಿದರೆ 4 ಕಿ.ಮೀ.ಗೆ ಎರಡು ಗಂಟೆ. ಏರಿಗೆ 45 ನಿಮಿಷ. ನೀರು, ಫೋಟೊ, ದಣಿವಾರಿಸಿಕೊಳ್ಳಲು ಗಂಟೆಗೆ 10 ನಿಮಿಷದಂತೆ 40 ನಿಮಿಷ. ಒಟ್ಟು 4 ಗಂಟೆ 40 ನಿಮಿಷ. ಎರಡಕ್ಕೆ ಹೊರಟವರು ಹೊರಬರುವಾಗ 6.40. ದಟ್ಟ ಮರಗಳ ಕೆಳಗೆ ಕತ್ತಲು ಸೂರ್ಯಾಸ್ತಕ್ಕೂ ಮುಂಚೆಯೇ ಕವಿಯತೊಡಗುತ್ತದೆ. ಹೊರಗೆ ಇನ್ನೂ ಬೆಳಕಿರುವಾಗಲೇ ಕಾಡೊಳಗೆ ಬೇರು ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಇರುವಾಗಲೇ ಮುಗಿಯುವಂತೆ ಯೋಜಿಸಿದರೆ, ಒಂದು ಉಳುಕು ಅಥವಾ ಒಂದು ತಪ್ಪು ತಿರುವಿಗೂ ಸಮಯ ಉಳಿಯುತ್ತದೆ.

ಹೊರಡುವ ಹೊತ್ತಿನಷ್ಟೇ ಮುಖ್ಯವಾದದ್ದು ಯಾವ ದಿಕ್ಕಿನಿಂದ ಸುತ್ತುತ್ತೀರಿ ಎಂಬುದು. ಇದನ್ನು ಯೋಚಿಸದೆ ಜನ ಸಾಮಾನ್ಯವಾಗಿ ವಾಹನ ನಿಲ್ಲಿಸಿದ ಕಡೆಯಿಂದ ಕಣ್ಣಿಗೆ ಸಲೀಸಾಗಿ ಕಾಣುವ ಹಾದಿ ಹಿಡಿದುಬಿಡುತ್ತಾರೆ. ಆ ದಾರಿಯಲ್ಲಿ ಒಂದೂಕಾಲು ಗಂಟೆ ಆರಾಮವಾಗಿ ಕಳೆಯುತ್ತದೆ, "ನಾವು ಬೇಗ ಬಂದೆವು" ಅನ್ನಿಸುತ್ತದೆ. ಆಮೇಲೆ ಬಂಡೆ ಎದುರಾಗುತ್ತದೆ: ಕಾಲು ಸೋತಿರುವಾಗ, ಬೆಳಕು ಇಳಿಯುತ್ತಿರುವಾಗ, ಅದೂ ಇಳಿಯುವ ದಿಕ್ಕಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರ ತಡೆಯಬೇಕು. ದಣಿದ ತೊಡೆ ನಡುಗಲು ಶುರುವಾದ ಮೇಲೆ ಹೆಜ್ಜೆ ಎಣಿಸಿದ ಜಾಗಕ್ಕೆ ಬೀಳುವುದಿಲ್ಲ.

ಬಂಡೆಯನ್ನು ಮೊದಲು, ಏರುವ ದಿಕ್ಕಿನಲ್ಲಿ ಮುಗಿಸಿ. ಏರುವಾಗ ಹಿಡಿತ ಕಣ್ಣೆದುರೇ ಇರುತ್ತದೆ, ಕೈ ನೆರವಿಗೆ ಬರುತ್ತದೆ. ಇನ್ನೂ ದೊಡ್ಡ ಲಾಭವೆಂದರೆ, ನಿಮ್ಮ ನಿಜವಾದ ವೇಗ ಆರಂಭದಲ್ಲೇ ತಿಳಿದುಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಏರೆಲ್ಲ ಬಂಡೆಯ ಭಾಗದಲ್ಲೇ ಇದೆ ಎಂದುಕೊಂಡರೆ, ಅದಕ್ಕೆ ವಿರಾಮ ಸೇರಿ ಸುಮಾರು ಮೂರೂಕಾಲು ಗಂಟೆ. ಅರ್ಧ ಬಂಡೆ, ಅಂದರೆ 2 ಕಿ.ಮೀ. ದಾಟಲು ಒಂದು ಗಂಟೆ 40 ನಿಮಿಷ ಮೀರಬಾರದು. ಎರಡೂಕಾಲು ಗಂಟೆ ಹಿಡಿದಿದ್ದರೆ ಅಲ್ಲಿಂದಲೇ ವಾಪಸ್ ಹೊರಡಿ. ಈ ಗಡುವನ್ನು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಂಡಿರಬೇಕು. ಬಂಡೆಯ ಮೇಲೆ ನಿಂತು ಚರ್ಚಿಸಿದರೆ "ಇಷ್ಟು ದೂರ ಬಂದಿದ್ದೇವಲ್ಲ" ಎಂಬ ಮಾತೇ ಗೆಲ್ಲುತ್ತದೆ.

ಸುತ್ತುದಾರಿಯಲ್ಲಿ ಕಿಲೋಮೀಟರ್ ನಂಬಿ ಮೋಸಹೋಗುವುದು ಸುಲಭ. ಬಂಡೆ ಮುಗಿದ ಜಾಗದಲ್ಲಿ ಹಿಂದಕ್ಕೆ 4 ಕಿ.ಮೀ., ಮುಂದಕ್ಕೆ 5. ಹಿಂದಿನ ದಾರಿ ಹತ್ತಿರವೆಂದು ಕಾಣುತ್ತದೆ. ಗಡಿಯಾರದ ಲೆಕ್ಕದಲ್ಲಿ ಮಾತ್ರ ಹಿಂದಕ್ಕೆ ಎರಡು ಗಂಟೆಯ ಬಂಡೆಯ ಇಳಿಜಾರು, ಮುಂದಕ್ಕೆ ಒಂದೂವರೆ ಗಂಟೆಗೂ ಕಡಿಮೆ. ಅಲ್ಲಿಗೆ ತಲುಪಿದ ಮೇಲೆ ಮುಂದುವರಿಯುವುದೇ ಸರಿ, ದಾರಿ ತೆರೆದಿದ್ದು ಯಾರಿಗೂ ಪೆಟ್ಟಾಗಿಲ್ಲ ಎಂದಾದರೆ.

ಬಂಡೆಯ ಮೇಲೆ ಜಾರುವ ಜಾಗಗಳನ್ನು ದೂರದಿಂದಲೇ ಗುರುತಿಸಬಹುದು. ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟಿಗಳು ನೀರು ಹರಿಯುವ ಜಾಗದ ಗುರುತು. ಅಲ್ಲಿ ಪಾಚಿ ಕಟ್ಟಿರುತ್ತದೆ. ಒಣಗಿದಾಗ ಕಾಲು ನಿಲ್ಲುತ್ತದೆ, ಸ್ವಲ್ಪ ಒದ್ದೆಯಾದರೂ ನಿಲ್ಲುವುದಿಲ್ಲ. ಇಳಿಜಾರು ಹಾಸುಬಂಡೆಯ ತಗ್ಗಿನಲ್ಲಿ ತರಗೆಲೆ ಕೂತಿದ್ದರೆ ಅದರ ಮೇಲೆ ಮೆಟ್ಟಬೇಡಿ, ಪಕ್ಕದ ಬರಿಬಂಡೆ ಒಳ್ಳೆಯದು. ಒದ್ದೆ ಬೇರು ಬಂಡೆಗಿಂತಲೂ ಕೆಟ್ಟದ್ದು, ದಾಟಿ ಹೆಜ್ಜೆಯಿಡಿ. ಹಾಸುಬಂಡೆ ಇಳಿಯುವಾಗ ಹೆದರಿ ಹಿಂದಕ್ಕೆ ವಾಲುವುದು ಸಹಜ. ಆದರೆ ವಾಲಿದರೆ ಭಾರವೆಲ್ಲ ಹಿಮ್ಮಡಿಯ ಅಂಚಿಗೆ ಬಿದ್ದು ಕಾಲು ಮುಂದಕ್ಕೆ ಜಾರುತ್ತದೆ. ಮಂಡಿ ಮಡಿಸಿ, ಇಡೀ ಅಟ್ಟೆ ಬಂಡೆಗೆ ತಾಗುವಂತೆ, ಗೇಣಷ್ಟು ಹೆಜ್ಜೆಯಿಡಿ. ಇಳಿಜಾರಿಗೆ ಮುಂಚೆ ಲೇಸನ್ನು ಪಾದದ ಗಂಟಿನ ಬಳಿ ಬಿಗಿಯಾಗಿ ಕಟ್ಟಿಕೊಂಡರೆ ಕಾಲು ಶೂ ಒಳಗೆ ಮುಂದಕ್ಕೆ ಸರಿದು ಬೆರಳುಗುರು ನೋಯುವುದು ತಪ್ಪುತ್ತದೆ.

ನಗರಕ್ಕೆ ಹತ್ತಿರವಾದಷ್ಟೂ ಕಾಡಿನಲ್ಲಿ ಕವಲುದಾರಿ ಹೆಚ್ಚು, ಏಕೆಂದರೆ ಓಡಾಡುವವರೆಲ್ಲ ತಮ್ಮದೊಂದು ಅಡ್ಡದಾರಿ ಮಾಡಿರುತ್ತಾರೆ. ಸವೆದ ಹಾದಿಯೇ ಮುಖ್ಯ ಹಾದಿ ಎಂದುಕೊಳ್ಳಬೇಡಿ. ಬಣ್ಣದ ಗುರುತು ಹಾಕಿದ ದಾರಿಗಳಲ್ಲಿ ಹಲವು ಕಡೆ ಒಂದರ ಮೇಲೊಂದು ಎರಡು ಪಟ್ಟಿ ಇದ್ದರೆ ಮುಂದೆ ತಿರುವಿದೆ ಎಂದರ್ಥ. ಕಲ್ಲುಗಳನ್ನು ಪೇರಿಸಿಟ್ಟದ್ದನ್ನು ಮಾತ್ರ ನಂಬಿ ತಿರುಗಬೇಡಿ, ಯಾರೋ ಆಟಕ್ಕೆ ಪೇರಿಸಿರಬಹುದು. ಐದಾರು ನಿಮಿಷ ನಡೆದರೂ ಗುರುತು ಕಾಣದಿದ್ದರೆ ಕೊನೆಯ ಗುರುತಿಗೆ ಮರಳಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಮ್ಯಾಪ್ ಹೊಸದಾಗಿ ತೆರೆಯಲು ಬೇಕು. ಬಂಡೆಗೋಡೆಯ ಬುಡದಲ್ಲಿ ಸಿಗ್ನಲ್ ಪ್ರತಿಫಲಿಸಿ ಜಿಪಿಎಸ್ ಚುಕ್ಕೆ ಪಕ್ಕಕ್ಕೆ ಸರಿಯುವುದುಂಟು, ಆಗ ಕಣ್ಣೆದುರಿನ ಹಾದಿ ನೋಡಿ.

ಹಗಲಿನಲ್ಲೇ ಮುಗಿಯುತ್ತದೆಂದರೂ ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೆ ಒಂದಿರಲಿ. ಫೋನಿನ ಬೆಳಕು ಒಂದು ಕೈಯನ್ನು ಕಟ್ಟಿಹಾಕುತ್ತದೆ, ಬಂಡೆಯ ಮೇಲೆ ಎರಡೂ ಕೈ ಬೇಕು. ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಹೆಚ್ಚು. ಮನೆಯಲ್ಲಿರುವ ಒಬ್ಬರಿಗೆ ಮೂರು ಸಂಗತಿ ಬರೆದು ಕಳಿಸಿ: ದಾರಿಯ ಹೆಸರು, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಹುಡುಕಿಸಬೇಕು, ಮತ್ತು ಬಂಡೆಯ ಕಡೆಯಿಂದ ಹತ್ತುತ್ತೀರೋ ಮಣ್ಣುಹಾದಿಯ ಕಡೆಯಿಂದಲೋ ಎಂಬುದು. ಮೂರನೆಯದನ್ನು ಬಹಳ ಮಂದಿ ಬಿಡುತ್ತಾರೆ, ಆದರೆ ಹುಡುಕಲು ಬರುವವರು ಯಾವ ತುದಿಯಿಂದ ಶುರುಮಾಡಬೇಕೆಂದು ನಿರ್ಧರಿಸುವುದು ಅದರಿಂದಲೇ.